ಕಣ್ಣಿನ ಸುತ್ತ ಬಿಟ್ಟ ಜಾಗ

ಮುಖಕ್ಕೆ ಕೂದಲು ಅಂಟಿಸುವುದೆಂದರೆ ಮನೆಗೆ ಹೆಂಚು ಹೊದಿಸಿದ ಹಾಗೆ. ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ. ಗಲ್ಲದ ತುದಿಗೆ ಸ್ಪಿರಿಟ್ ಗಮ್ ಸವರಬೇಕು. ಅದು ಆರುತ್ತ ಬಂದು ಬೆರಳಿಗೆ ಜಿಗುಟು ಹತ್ತುವವರೆಗೆ ಕಾಯಬೇಕು. ಜಡೆಯಿಂದ ಬಿಡಿಸಿ ನೆಟ್ಟಗೆ ಮಾಡಿಕೊಂಡ ಕ್ರೇಪ್ ಕೂದಲಿನ ಒಂದೊಂದೇ ಎಸಳನ್ನು ಬೆರಳ ತುದಿಯಲ್ಲಿ ಹಿಡಿದು ಒತ್ತಬೇಕು, ಒದ್ದೆ ಬಟ್ಟೆಯಿಂದ ಅದುಮಬೇಕು. ಆಮೇಲೆ ಅದರ ಮೇಲೊಂದು ಸಾಲು. ಅವಸರ ಮಾಡಿದರೆ ಗಡ್ಡ ಬೆಳೆದಂತೆ ಕಾಣುವುದಿಲ್ಲ, ಮುಖಕ್ಕೆ ಪೊರಕೆ ಕಟ್ಟಿದಂತೆ ಕಾಣುತ್ತದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹವ್ಯಾಸಿ ನಾಟಕಗಳಿಗೆ ಬಣ್ಣ ಹಚ್ಚಿದ ನನಗೆ ಸಿನಿಮಾದ ತೋಳಮಾನವ ಹತ್ತಿರದವನಾದದ್ದು ಈ ಅಂಟು ಮತ್ತು ಕೂದಲಿನ ದಾರಿಯಿಂದಲೇ.

1990ರ ದಶಕದ ಒಂದು ಬೇಸಿಗೆ ಶಿಬಿರ. ‘ತೋಳ ಬಂತು ತೋಳ’ ಕಥೆಯನ್ನೇ ಬೆಳೆಸಿ ಮಕ್ಕಳ ನಾಟಕ ಮಾಡಿದ್ದರು. ತೋಳದ ಪಾತ್ರಕ್ಕೆ ಹನ್ನೊಂದು ವರ್ಷದ ಹುಡುಗ. ಇಡೀ ಮಧ್ಯಾಹ್ನ ಕೂತು ಅವನ ಮುಖದಲ್ಲಿ ಎಳ್ಳಷ್ಟೂ ಚರ್ಮ ಕಾಣದಂತೆ ಕೂದಲು ತುಂಬಿದೆ. ಹುಬ್ಬಿನ ಕೆಳಗೆ, ರೆಪ್ಪೆಯ ಅಂಚಿಗೆ, ಮೂಗಿನ ಪಕ್ಕಕ್ಕೂ ಬಿಡಲಿಲ್ಲ. ಪರದೆ ಎದ್ದಾಗ ಮುಂದೆ ಕೂತಿದ್ದ ಮಕ್ಕಳು ಒಂದು ಸಲ ಕಿರುಚಿದರು. ಎರಡು ನಿಮಿಷ ಕಳೆಯುವಷ್ಟರಲ್ಲಿ ತಮ್ಮತಮ್ಮಲ್ಲೇ ಮಾತಾಡತೊಡಗಿದರು, ಕಡಲೆಕಾಯಿ ಸುಲಿಯತೊಡಗಿದರು. ಮಧ್ಯಂತರದಲ್ಲಿ ಮೇಷ್ಟ್ರು ಒಳಗೆ ಬಂದರು. ನನಗೆ ಬಣ್ಣದ ಕೆಲಸ ಕಲಿಸಿದವರು ಅವರು. ಏನೂ ಮಾತಾಡದೆ ಹುಡುಗನ ಕಣ್ಣು ಮುಚ್ಚಿಸಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಕಣ್ಣಿನ ಸುತ್ತಲಿನ ಕೂದಲನ್ನೆಲ್ಲ ನಿಧಾನವಾಗಿ ಒರೆಸಿ ತೆಗೆದರು. ಚರ್ಮ ಕಂಡಿತು. ಅದರ ಮೇಲೆ ಬೆರಳಿನಿಂದಲೇ ತೆಳುವಾಗಿ ಕಾಡಿಗೆ ಎಳೆದರು. “ಒಳಗೆ ಯಾರಿದ್ದಾನೆ ಅಂತ ಗೊತ್ತಾಗಬೇಕು. ಇಲ್ಲದಿದ್ದರೆ ಹೆದರಿಕೆ ಯಾತರದು?” ಎಂದಷ್ಟೇ ಹೇಳಿ ಹೊರಗೆ ಹೋದರು. ಉಳಿದರ್ಧ ನಾಟಕದಲ್ಲಿ ಒಂದು ಮಗುವೂ ಮಿಸುಕಲಿಲ್ಲ. ತೋಳವನ್ನು ಕೋಲಿನಿಂದ ಅಟ್ಟುವ ಕೊನೆಯ ದೃಶ್ಯದಲ್ಲಿ ಒಂದು ಪುಟ್ಟ ಹುಡುಗಿ “ಹೊಡೀಬೇಡಿ” ಎಂದು ಕೂಗಿದಳು.

ಕೆಲವು ವರ್ಷಗಳ ನಂತರ ಒಂದು ಫಿಲಂ ಸೊಸೈಟಿಯ ಪ್ರದರ್ಶನದಲ್ಲಿ 1941ರ ‘ದಿ ವುಲ್ಫ್ ಮ್ಯಾನ್’ ನೋಡಿದೆ. ಮಂಜು ಕವಿದ ಕಾಡು, ಬೋಳು ಮರಗಳು, ನಡುವೆ ಬಗ್ಗಿ ನಡೆಯುವ ದೊಡ್ಡ ಮೈಕಟ್ಟಿನ ಒಬ್ಬಾತ. ಹಣೆ, ಕೆನ್ನೆ, ಗಲ್ಲ, ಕುತ್ತಿಗೆ ಎಲ್ಲ ಕೂದಲು. ಮೂಗಿನ ಜಾಗದಲ್ಲಿ ರಬ್ಬರಿನ ಮೂತಿ. ಕಣ್ಣಿನ ಸುತ್ತ ಮಾತ್ರ ಏನೂ ಇಲ್ಲ, ಬರೀ ಕಪ್ಪು ಬಣ್ಣ ಸವರಿದ ಚರ್ಮ. ಆ ಜಾಗದಿಂದ ಒಬ್ಬ ಮನುಷ್ಯ ನೋಡುತ್ತಿದ್ದ. ನನ್ನ ಮೇಷ್ಟ್ರು ಆ ಚಿತ್ರವನ್ನು ನೋಡಿರಲಿಲ್ಲ. ಆದರೂ ಆ ಮುಖ ಮಾಡಿದ ಕೈಗೂ ನಮ್ಮ ಮೇಷ್ಟ್ರ ಕೈಗೂ ಒಂದೇ ವಿಷಯ ಗೊತ್ತಿತ್ತು. ಆ ಕೈ ಜಾಕ್ ಪಿಯರ್ಸ್ ಎಂಬುವನದು. ಅಲ್ಲಿಂದಾಚೆಗೆ ತೋಳಮಾನವನ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುತ್ತ ಬಂದಿದ್ದೇನೆ.

ತೋಳವಾಗುವ ಮನುಷ್ಯನ ನಂಬಿಕೆ ಸಿನಿಮಾಕ್ಕಿಂತ ಬಹಳ ಹಳೆಯದು, ಅದು ಯೂರೋಪಿನ ಹಳ್ಳಿಗಳದ್ದು. 1589ರಲ್ಲಿ ಜರ್ಮನಿಯ ಕಲೋನ್ ಹತ್ತಿರದ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ತೋಳಮಾನವನೆಂದು ಕೊಂದರು. ಚಿತ್ರಹಿಂಸೆಗೆ ಹೆದರಿ, ಸೈತಾನ ತನಗೊಂದು ಸೊಂಟಪಟ್ಟಿ ಕೊಟ್ಟಿದ್ದನೆಂದೂ ಅದನ್ನು ಕಟ್ಟಿಕೊಂಡರೆ ತೋಳವಾಗುತ್ತಿದ್ದೆನೆಂದೂ ಆತ ಒಪ್ಪಿಕೊಂಡಿದ್ದ. ಆ ಕಾಲದ ಇಂಥ ವಿಚಾರಣೆಗಳಲ್ಲಿ ಪಟ್ಟಿ, ಚರ್ಮ, ಮುಲಾಮು ಇವೇ ಮತ್ತೆ ಮತ್ತೆ ಬರುತ್ತವೆ. ಎಂದರೆ ಮನುಷ್ಯ ಬೇಕೆಂದೇ ತೋಳವಾಗುತ್ತಾನೆ, ಸೈತಾನನ ಜೊತೆ ಕರಾರು ಮಾಡಿಕೊಂಡು ಆಗುತ್ತಾನೆ. ತೋಳಮಾನವ ಕಚ್ಚಿದರೆ ಕಚ್ಚಿಸಿಕೊಂಡವನೂ ತೋಳಮಾನವನಾಗುತ್ತಾನೆ ಎಂದು ಈಗ ನಾವೆಲ್ಲ ಹಳೆಯ ನಂಬಿಕೆ ಅಂದುಕೊಂಡಿರುವುದಕ್ಕೆ ನೆಲೆ ಕೊಟ್ಟದ್ದು ಸಿನಿಮಾ. ಅದರಿಂದ ಕಥೆಯ ಬುಡವೇ ಬದಲಾಯಿತು. ಬೇಕೆಂದು ಆದವನು ಅಪರಾಧಿ, ಕಚ್ಚಿಸಿಕೊಂಡವನು ರೋಗಿ.

ತೆರೆಯ ಮೇಲಿನ ಮೊದಲ ತೋಳಮಾನವ ಎಂದು ಹೆಸರಾದದ್ದು ಗಂಡಸಲ್ಲ, ಹೆಣ್ಣು. 1913ರ ‘ದಿ ವೇರ್‌ವುಲ್ಫ್’ ಮೂಕಿ ಚಿತ್ರದಲ್ಲಿ ಅಮೆರಿಕದ ನವಾಹೋ ಬುಡಕಟ್ಟಿನ ಹೆಣ್ಣೊಬ್ಬಳ ಮಗಳು ಬಿಳಿಯರ ಮೇಲೆ ಸೇಡು ತೀರಿಸಿಕೊಳ್ಳಲು ತೋಳವಾಗುತ್ತಾಳೆ. ಹೆಣ್ಣಿನ ಚಿತ್ರ ಮಸುಕಾಗಿ ಅದೇ ಜಾಗದಲ್ಲಿ ನಿಜವಾದ ತೋಳ ಮೂಡುವಂತೆ ಕ್ಯಾಮೆರಾದಲ್ಲೇ ಮಾಡಿದ್ದರು. ಆ ಚಿತ್ರ ಈಗ ಎಲ್ಲೂ ಉಳಿದಿಲ್ಲ. ಅಲ್ಲಿ ಬಣ್ಣದವರಿಗೆ ಹೆಚ್ಚು ಕೆಲಸವೂ ಇರಲಿಲ್ಲ. ಇತ್ತ ಹೆಣ್ಣು, ಅತ್ತ ತೋಳ, ನಡುವೆ ಏನಿತ್ತು ಎಂಬುದನ್ನು ಮಸುಕು ಮುಚ್ಚಿಬಿಡುತ್ತಿತ್ತು. ಮುಂದಿನ ನೂರು ವರ್ಷ ಈ ಕಥೆಯನ್ನು ತೆರೆಗೆ ತಂದವರೆಲ್ಲ ತಲೆ ಕೆಡಿಸಿಕೊಂಡದ್ದು ಆ ‘ನಡುವೆ’ಗೇ.

1935ರಲ್ಲಿ ಯೂನಿವರ್ಸಲ್ ಸ್ಟುಡಿಯೋ ‘ವೇರ್‌ವುಲ್ಫ್ ಆಫ್ ಲಂಡನ್’ ಮಾಡಿತು. ಹೆನ್ರಿ ಹಲ್ ಅದರಲ್ಲಿ ಒಬ್ಬ ಸಸ್ಯವಿಜ್ಞಾನಿ. ಬೆಳದಿಂಗಳಲ್ಲಿ ಅರಳುವ ಅಪರೂಪದ ಹೂವೊಂದನ್ನು ಹುಡುಕಿಕೊಂಡು ಟಿಬೆಟ್ಟಿಗೆ ಹೋಗಿ ಅಲ್ಲಿ ತೋಳಮಾನವನಿಂದ ಕಚ್ಚಿಸಿಕೊಂಡು ಬರುತ್ತಾನೆ. ಅದರಲ್ಲೊಂದು ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಹಲ್ ಒಂದು ಸಾಲು ಕಂಬಗಳ ಹಿಂದೆ ನಡೆದುಹೋಗುತ್ತಾನೆ. ಒಂದು ಕಂಬ ದಾಟಿದಾಗ ಹುಬ್ಬು ದಪ್ಪ, ಇನ್ನೊಂದು ದಾಟಿದಾಗ ಕೆನ್ನೆಯ ಮೇಲೆ ಕೂದಲು, ಮತ್ತೊಂದು ದಾಟಿದಾಗ ಹಲ್ಲು. ನಡಿಗೆ ಎಲ್ಲೂ ನಿಲ್ಲುವುದಿಲ್ಲ. ಹಾಗೆ ನೋಡಿದರೆ ಪ್ರತಿ ಕಂಬದ ಮರೆಯಲ್ಲೂ ಒಂದೊಂದು ಗಂಟೆಯ ಪ್ರಸಾಧನ ಅಡಗಿ ಕೂತಿದೆ. ನಾಟಕದವರಿಗೆ ಈ ಉಪಾಯ ಕೂಡಲೇ ಅರ್ಥವಾಗುತ್ತದೆ, ಪಕ್ಕದ ಪರದೆಯನ್ನು ನಾವೂ ಹೀಗೇ ಬಳಸುತ್ತೇವೆ.

ಆ ಚಿತ್ರಕ್ಕೂ ಬಣ್ಣ ಹಚ್ಚಿದ್ದು ಪಿಯರ್ಸೇ. ಆತ 1889ರಲ್ಲಿ ಗ್ರೀಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದವನು. ಬೇಸ್‌ಬಾಲ್ ಆಟಗಾರನಾಗುವ ಆಸೆ ಇತ್ತು, ಕೈಗೂಡದೆ ಸಿನಿಮಾದ ಸಣ್ಣಪುಟ್ಟ ಕೆಲಸಗಳಿಗೆ ಸೇರಿ, ಕೊನೆಗೆ ಯೂನಿವರ್ಸಲ್‌ನ ಪ್ರಸಾಧನ ವಿಭಾಗದ ಮುಖ್ಯಸ್ಥನಾದ. 1931ರ ‘ಫ್ರಾಂಕೆನ್‌ಸ್ಟೈನ್’ನ ಚಪ್ಪಟೆ ತಲೆಯ ದೈತ್ಯ, 1932ರ ‘ದಿ ಮಮ್ಮಿ’ಯ ಸುಕ್ಕುಗಟ್ಟಿದ ಶವ ಅವನ ಕೈಯವೇ. ಕೆಲಸ ಮಾಡುವಾಗ ಶಸ್ತ್ರಚಿಕಿತ್ಸೆಯ ವೈದ್ಯರಂತೆ ಬಿಳಿ ಕೋಟು ತೊಡುತ್ತಿದ್ದ. 1935ರಲ್ಲಿ ಹಲ್‌ನ ಮುಖಕ್ಕೆ ಹಚ್ಚಿದ ಕೂದಲು ಕಡಿಮೆ. ತಾನು ಯಾರೆಂದು ಉಳಿದ ಪಾತ್ರಗಳಿಗೆ ಗುರುತು ಹತ್ತದಿದ್ದರೆ ಕಥೆ ನಿಲ್ಲುವುದಿಲ್ಲ ಎಂಬುದು ಹಲ್‌ನ ವಾದವಾಗಿತ್ತಂತೆ. ಆ ವಾದ ನನಗೆ ಸರಿಯೆನಿಸುತ್ತದೆ. ಆದರೆ ಚಿತ್ರದಲ್ಲಿ ಆತ ಹೊರಗೆ ಹೊರಡುವ ಮುನ್ನ ಕೋಟು, ಟೋಪಿ, ಮಫ್ಲರ್ ಹಾಕಿಕೊಳ್ಳುತ್ತಾನೆ. ಆ ಸಜ್ಜನಿಕೆಯಲ್ಲಿ ನೋವು ಎಲ್ಲೋ ಕಳೆದುಹೋಯಿತು.

ನೋವು ತಂದವನು ಕರ್ಟ್ ಸಿಯೋಡ್ಮಾಕ್. 1902ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಯಹೂದಿ. ಬರ್ಲಿನ್‌ನಲ್ಲಿ ಬರಹಗಾರನಾಗಿ ಹೆಸರು ಮಾಡುತ್ತಿದ್ದಾಗ, 1933ರಲ್ಲಿ ನಾಜಿ ಮಂತ್ರಿ ಗೋಬೆಲ್ಸ್ ಚಿತ್ರರಂಗದವರ ಮುಂದೆ ಯಹೂದಿಗಳ ವಿರುದ್ಧ ಮಾಡಿದ ಭಾಷಣ ಕೇಳಿ ದೇಶ ಬಿಟ್ಟ. ಇಂಗ್ಲೆಂಡಿಗೆ ಹೋದ, ಅಲ್ಲಿಂದ 1937ರಲ್ಲಿ ಅಮೆರಿಕಕ್ಕೆ. ನಾಲ್ಕು ವರ್ಷದ ಮೇಲೆ ಯೂನಿವರ್ಸಲ್ ಆತನಿಗೆ ‘ದಿ ವುಲ್ಫ್ ಮ್ಯಾನ್’ ಎಂಬ ಶೀರ್ಷಿಕೆ ಕೊಟ್ಟು ಕಥೆ ಬರೆಯಲು ಹೇಳಿತು. ಆತ ಬರೆದದ್ದು ಹೀಗೆ. ಲ್ಯಾರಿ ಟಾಲ್ಬಟ್ ಎಂಬ ಯುವಕ ಬಹಳ ವರ್ಷಗಳ ಮೇಲೆ ವೇಲ್ಸ್‌ನ ತನ್ನ ತಂದೆಯ ಮನೆಗೆ ಮರಳುತ್ತಾನೆ. ಒಂದು ರಾತ್ರಿ ಹುಡುಗಿಯೊಬ್ಬಳ ಕಿರುಚಾಟ ಕೇಳಿ ಕಾಪಾಡಲು ಓಡುತ್ತಾನೆ, ಬೆಳ್ಳಿ ಹಿಡಿಯ ಕೈಗೋಲಿನಿಂದ ತೋಳವನ್ನು ಹೊಡೆದು ಕೊಲ್ಲುತ್ತಾನೆ, ಆ ಹೊತ್ತಿಗೆ ಕಚ್ಚಿಸಿಕೊಂಡಿರುತ್ತಾನೆ. ಮಾಡಿದ ತಪ್ಪೆಂದರೆ ಓಡಿಹೋಗಿ ಕಾಪಾಡಲು ನೋಡಿದ್ದು, ಅಷ್ಟೇ. ಅಲ್ಲಿಂದ ಮುಂದೆ ತಾನು ಯಾರನ್ನು ಕೊಲ್ಲಲಿದ್ದೇನೋ ಅವರ ಅಂಗೈಯಲ್ಲಿ ಆತನಿಗೆ ಐದು ಮೂಲೆಯ ನಕ್ಷತ್ರ ಕಾಣುತ್ತದೆ. ನಕ್ಷತ್ರದ ಗುರುತು ಬಿದ್ದವರು ಸಾಯುತ್ತಾರೆ ಎಂಬುದನ್ನು 1941ರಲ್ಲಿ ಒಬ್ಬ ಜರ್ಮನ್ ಯಹೂದಿ ಬರೆದ. ಅದೇ ವರ್ಷದ ಸೆಪ್ಟೆಂಬರಿನಿಂದ ಜರ್ಮನಿಯಲ್ಲಿ ಯಹೂದಿಗಳು ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕೆಂದು ಕಾನೂನಾಯಿತು. ಮುಪ್ಪಿನಲ್ಲಿ ಸಿಯೋಡ್ಮಾಕ್, ತನ್ನ ಮೇಲೆ ತಾನು ಬಯಸದ ವಿಧಿಯೊಂದು ಬಂದು ಬಿದ್ದದ್ದಕ್ಕೂ ಆ ಕಥೆಗೂ ಇರುವ ನಂಟನ್ನು ತಾನೇ ಹೇಳಿಕೊಂಡ.

ನಮ್ಮ ಪುರಾಣದಲ್ಲಿ ಶಾಪ ಕೊಟ್ಟವನೇ ವಿಮೋಚನೆಯ ದಾರಿಯನ್ನೂ ಹೇಳುತ್ತಾನೆ. ಅಹಲ್ಯೆಗೆ ರಾಮನ ಪಾದ, ಹೆಬ್ಬಾವಾದ ನಹುಷನಿಗೆ ಧರ್ಮರಾಯನ ಉತ್ತರ. ಎಷ್ಟು ಯುಗ ಬೇಕಾದರೂ ಆಗಲಿ, ಕೊನೆಗೊಂದು ದಿನ ಇದೆ. ಟಾಲ್ಬಟ್‌ನಿಗೆ ಅದಿಲ್ಲ. ಶಾಪ ಕೊಟ್ಟವರೂ ಇಲ್ಲ, ಕಾರಣವೂ ಇಲ್ಲ, ಸಾವೊಂದೇ ಬಿಡುಗಡೆ. ಮೊದಲ ಸಲ ನೋಡಿದಾಗ ನನ್ನನ್ನು ತಬ್ಬಿಬ್ಬು ಮಾಡಿದ್ದು ಇದೇ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂದು ನಾವು ಗಾದೆ ಕಟ್ಟಿಕೊಂಡಿದ್ದೇವಲ್ಲ, ಸಿಯೋಡ್ಮಾಕ್ ಆ ಹಳ್ಳದೊಳಗೆ ಕೂತು ಬರೆದ.

ಇನ್ನೊಂದು ಸಂಗತಿ. ಆ ಚಿತ್ರದಲ್ಲಿ ತೋಳಮಾನವನ ಬಗ್ಗೆ ಒಂದು ಪದ್ಯ ಬರುತ್ತದೆ, ಊರಿನವರೆಲ್ಲ ಅದನ್ನು ಬಾಯಿಪಾಠ ಹೇಳುತ್ತಾರೆ. ಅದು ಯೂರೋಪಿನ ಹಳೆಯ ಜನಪದವೆಂದು ಎಷ್ಟೋ ಜನ ನಂಬಿದ್ದರು. ಬರೆದವನು ಸಿಯೋಡ್ಮಾಕ್. ಅದರಲ್ಲಿ ಹುಣ್ಣಿಮೆಯ ಮಾತೇ ಇಲ್ಲ, ಶರತ್ಕಾಲದ ಬೆಳದಿಂಗಳ ಮಾತಿದೆ. 1943ರ ಮುಂದಿನ ಚಿತ್ರದಲ್ಲಿ ಸಾಲು ಬದಲಿಸಿ ಪೂರ್ಣಚಂದ್ರನನ್ನು ತಂದರು. ತೋಳಮಾನವನಿಗೆ ಹುಣ್ಣಿಮೆ ಕಡ್ಡಾಯವಾದದ್ದು ಅಲ್ಲಿಂದ. ಬೆಳ್ಳಿಯ ಗುಂಡು ಟಾಲ್ಬಟ್‌ನನ್ನು ಕೊಂದದ್ದು 1944ರ ಚಿತ್ರದಲ್ಲಿ. 1941ರಲ್ಲಿ ಕೊಂದದ್ದು ಬೆಳ್ಳಿ ಹಿಡಿಯ ಕೋಲು. ಇವತ್ತು ಯಾವ ದೇಶದ ಮಗುವನ್ನು ಕೇಳಿದರೂ ಹುಣ್ಣಿಮೆ, ಬೆಳ್ಳಿ, ಕಚ್ಚುವಿಕೆ ಎಂದು ಒಪ್ಪಿಸುವ ಶಾಸ್ತ್ರ ಹೀಗೆ ಒಂದು ಸ್ಟುಡಿಯೋದೊಳಗೆ ಹತ್ತೇ ವರ್ಷದಲ್ಲಿ ಗಟ್ಟಿಯಾಯಿತು. ಜನಪದವೂ ಹುಟ್ಟುವುದು ಹೀಗೇ ಇರಬೇಕು, ಯಾರೋ ಒಬ್ಬರ ಬಾಯಿಂದ. ಇಲ್ಲಿ ಆ ಒಬ್ಬನ ಹೆಸರು ನಮಗೆ ಗೊತ್ತಿದೆ, ಅಷ್ಟೇ ವ್ಯತ್ಯಾಸ.

ಈಗ ಮುಖದ ವಿಷಯ. ಟಾಲ್ಬಟ್ ಆದವನು ಲಾನ್ ಚೇನಿ ಜೂನಿಯರ್. ಅಪ್ಪ ಲಾನ್ ಚೇನಿ ಮೂಕಿ ಯುಗದ ‘ಸಾವಿರ ಮುಖಗಳ ಮನುಷ್ಯ’. ತನ್ನ ಬಣ್ಣ ತಾನೇ ಹಚ್ಚಿಕೊಳ್ಳುತ್ತಿದ್ದವನು, ಬ್ರಿಟಾನಿಕಾ ವಿಶ್ವಕೋಶಕ್ಕೆ ಪ್ರಸಾಧನದ ಲೇಖನ ಬರೆದವನು. 1930ರಲ್ಲಿ ತೀರಿಕೊಂಡ. ಮಗನ ಹುಟ್ಟುಹೆಸರು ಕ್ರೈಟನ್. ಅವಕಾಶಕ್ಕಾಗಿ ಅಪ್ಪನ ಹೆಸರು ಇಟ್ಟುಕೊಂಡ. ಅಪ್ಪನಂತೆ ತಾನೂ ಬಣ್ಣ ಹಚ್ಚಿಕೊಳ್ಳುತ್ತೇನೆಂದರೆ ಅಷ್ಟೊತ್ತಿಗೆ ಕಾರ್ಮಿಕ ಸಂಘದ ನಿಯಮ ಅಡ್ಡ ಬಂದಿತ್ತು, ಆ ಕೆಲಸ ಪ್ರಸಾಧಕರದ್ದೇ. ಹಾಗಾಗಿ ಪಿಯರ್ಸನ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರಬೇಕಾಯಿತು. ಪಿಯರ್ಸ್ ಬಳಸಿದ್ದು ಯಾಕ್ ಎಂಬ ಹಿಮಾಲಯದ ಚಮರಿಮೃಗದ ಕೂದಲು. ಒಂದೊಂದೇ ಎಸಳು ಅಂಟಿಸಿ, ಕತ್ತರಿಸಿ, ಕಾದ ಕಬ್ಬಿಣದಿಂದ ತುದಿ ಸುಟ್ಟು ಪ್ರಾಣಿಯ ತುಪ್ಪಳದ ಹದ ತರುತ್ತಿದ್ದ. ತಯಾರಾದ ಮುಖವಾಡ ತೊಡಿಸಿದ್ದರೆ ಅರ್ಧಕ್ಕರ್ಧ ಹೊತ್ತು ಉಳಿಯುತ್ತಿತ್ತು, ಪಿಯರ್ಸ್ ಅದಕ್ಕೆ ಒಪ್ಪುವವನಲ್ಲ. ಚೇನಿಗೂ ಅವನಿಗೂ ಆಗಿಬರಲಿಲ್ಲ. ಅಂಟು ಕಿತ್ತಾಗ ಚರ್ಮ ಉರಿಯುತ್ತದೆ, ಕಬ್ಬಿಣ ತಾಗುತ್ತದೆ ಎಂದು ಚೇನಿ ಗೊಣಗುತ್ತಲೇ ಇದ್ದ. ಗಮ್ ಕಿತ್ತ ಮೇಲಿನ ಆ ಉರಿ ನನಗೆ ಗೊತ್ತು. ಹಳೆಯ ಸ್ಟಾಕಿನ ಗಮ್ ಹಚ್ಚಿ ನಟರೊಬ್ಬರ ಮೇಲ್ತುಟಿಯ ಚರ್ಮವನ್ನೇ ಎಬ್ಬಿಸಿದ ದಿನ ನಾನು ಇಡೀ ರಾತ್ರಿ ನಿದ್ದೆ ಮಾಡಲಿಲ್ಲ.

ರೂಪ ಬದಲಾಗುವ ದೃಶ್ಯ ತೆಗೆಯುವುದು ಇನ್ನೂ ದೊಡ್ಡ ಯಾತನೆ. ಕ್ಯಾಮೆರಾ ಅಲುಗಬಾರದು, ನಟನ ತಲೆ ಕೂದಲೆಳೆಯಷ್ಟೂ ಸರಿಯಬಾರದು. ಒಂದು ಹಂತದ ಕೂದಲು ಅಂಟಿಸಿ ಕೆಲವೇ ಫ್ರೇಮು ತೆಗೆಯುವುದು, ಇನ್ನೊಂದಿಷ್ಟು ಅಂಟಿಸುವುದು, ಮತ್ತೆ ಕೆಲವು ಫ್ರೇಮು, ಆಮೇಲೆ ಎಲ್ಲವನ್ನೂ ಒಂದರೊಳಗೊಂದು ಕರಗಿಸುವುದು. ಬೆರಳು ಅಲುಗದಿರಲೆಂದು ತನ್ನ ಬೆರಳ ತುದಿಯ ಚರ್ಮಕ್ಕೇ ಸಣ್ಣ ಮೊಳೆ ಹೊಡೆದಿದ್ದರೆಂದು ಚೇನಿ ಹೇಳಿಕೊಂಡು ತಿರುಗಿದ. ನಟರ ಮಾತನ್ನು ಸ್ವಲ್ಪ ಬಿಟ್ಟು ಕೇಳಬೇಕು. ಆದರೂ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತವನಿಗೆ ಹಾಗೆ ಅನಿಸಿದ್ದರೆ ಅದು ಸುಳ್ಳಲ್ಲ. ಇಷ್ಟಾಗಿಯೂ 1941ರ ಚಿತ್ರದಲ್ಲಿ ಮನುಷ್ಯ ತೋಳವಾಗುವಾಗ ನಮಗೆ ಕಾಣುವುದು ಪಾದಗಳು ಮಾತ್ರ. ಬೂಟು, ಕಾಲುಚೀಲ ಕಳಚುತ್ತಾನೆ, ಪಾದದ ಮೇಲೆ ಕೂದಲು ದಟ್ಟವಾಗುತ್ತದೆ, ಅವು ನಡೆಯತೊಡಗುತ್ತವೆ. ಮುಖ ಬದಲಾಗುವುದು ಒಂದೇ ಸಲ, ಅದೂ ಕಟ್ಟಕಡೆಗೆ, ತಿರುಗುಮುರುಗಾಗಿ.

ಮಾಲೇವಾ ಎಂಬ ಜಿಪ್ಸಿ ಮುದುಕಿಯಾಗಿ ಮಾರಿಯಾ ಊಸ್ಪೆನ್ಸ್‌ಕಾಯಾ ಇದ್ದಾಳೆ. ಆಕೆ ಮಾಸ್ಕೋ ಆರ್ಟ್ ಥಿಯೇಟರಿನಲ್ಲಿ ಸ್ತಾನಿಸ್ಲಾವ್‌ಸ್ಕಿಯ ಕೈಕೆಳಗೆ ಕಲಿತು, ತಂಡದೊಂದಿಗೆ ಅಮೆರಿಕಕ್ಕೆ ಬಂದು ಅಲ್ಲೇ ನಿಂತು ನಟನೆ ಕಲಿಸಿದವಳು. ಕುದುರೆಗಾಡಿಯಲ್ಲಿ ಬಂದಿಳಿದು, ಬಿದ್ದಿರುವ ತೋಳಮಾನವನ ಮೇಲೆ ಬಗ್ಗಿ ನಾಲ್ಕು ಮಾತಾಡುತ್ತಾಳೆ. ಅಷ್ಟು ಸಣ್ಣ ಮೈ, ಅಷ್ಟು ಮೆಲುದನಿ. ಅಗ್ಗದ ದೆವ್ವದ ಚಿತ್ರವೆಂದು ಆಕೆ ಒಂದು ಅಕ್ಷರವನ್ನೂ ಸಡಿಲ ಬಿಟ್ಟಿಲ್ಲ. ನಟನೆಗೆ ಹೊಸಬರು ಬಂದಾಗಲೆಲ್ಲ ಈ ದೃಶ್ಯ ನೋಡಿ ಎಂದು ಹೇಳುತ್ತ ಬಂದಿದ್ದೇನೆ.

ಚಿತ್ರ ಬಿಡುಗಡೆಯಾದದ್ದು 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರಿನ ಮೇಲೆ ಜಪಾನ್ ದಾಳಿ ಮಾಡಿದ ವಾರದಲ್ಲೇ. ಆದರೂ ಜನ ಬಂದರು. ಚೇನಿ 1948ರವರೆಗೆ ಇನ್ನೂ ನಾಲ್ಕು ಚಿತ್ರಗಳಲ್ಲಿ ಟಾಲ್ಬಟ್ ಆದ. ಆ ಪಾತ್ರವನ್ನು ತನ್ನ ಕೂಸೆಂದು ಕರೆದುಕೊಳ್ಳುತ್ತಿದ್ದ. ಕೊನೆಯದು ಅಬಟ್ ಮತ್ತು ಕಾಸ್ಟೆಲೊ ಎಂಬ ನಗೆಜೋಡಿಯ ಚಿತ್ರ. ಆ ಹೊತ್ತಿಗೆ ಪಿಯರ್ಸ್ ಅಲ್ಲಿರಲಿಲ್ಲ. ಸ್ಟುಡಿಯೋ ಕೈ ಬದಲಾಗಿ, ಬೇಗ ಆಗುವ ಫೋಮ್ ರಬ್ಬರಿನ ಅಚ್ಚುಗಳೇ ಸಾಕೆಂದಾಗ ಆತನನ್ನು ಬಿಟ್ಟರು. ಆಮೇಲೆ ಸಣ್ಣ ಚಿತ್ರಗಳಿಗೆ, ಟಿವಿಗೆ ಕೆಲಸ ಮಾಡಿದ. ಕಟ್ಟಕಡೆಯ ವರ್ಷಗಳಲ್ಲಿ ‘ಮಿಸ್ಟರ್ ಎಡ್’ ಎಂಬ ಮಾತಾಡುವ ಕುದುರೆಯ ಟಿವಿ ಧಾರಾವಾಹಿಗೆ ಪ್ರಸಾಧಕನಾಗಿದ್ದು 1968ರಲ್ಲಿ ತೀರಿಕೊಂಡ. ಪ್ರಸಾಧನಕ್ಕೆ ಆಸ್ಕರ್‌ನಲ್ಲಿ ಒಂದು ವಿಭಾಗವೇ ಆಗ ಇರಲಿಲ್ಲ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. 1957ರಲ್ಲಿ ‘ಐ ವಾಸ್ ಎ ಟೀನೇಜ್ ವೇರ್‌ವುಲ್ಫ್’ನಲ್ಲಿ ಮೈಕೆಲ್ ಲ್ಯಾಂಡನ್ ಶಾಲೆಯ ಕೋಟು ತೊಟ್ಟೇ ತೋಳವಾದ, ಡ್ರೈವ್-ಇನ್‌ಗಳ ಹುಡುಗರಿಗೆ ಅದು ಹಿಡಿಸಿತು. 1961ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ ‘ದಿ ಕರ್ಸ್ ಆಫ್ ದಿ ವೇರ್‌ವುಲ್ಫ್’ ಮಾಡಿತು, ಆಲಿವರ್ ರೀಡ್‌ಗೆ ರಾಯ್ ಆಷ್ಟನ್ ಬಣ್ಣ ಹಚ್ಚಿದ. ಬೂದು ಕೂದಲು, ಕಣ್ಣಲ್ಲಿ ನೀರು. ಪಿಯರ್ಸ್ ನಂತರದ ಅತ್ಯುತ್ತಮ ತೋಳಮುಖ ಅದೇ ಎಂಬುದು ನನ್ನ ಎಣಿಕೆ. ಸ್ಪೇನಿನಲ್ಲಿ 1968ರಿಂದ ಪಾಲ್ ನಾಶಿ ಎಂಬ ಮಾಜಿ ಭಾರ ಎತ್ತುವ ಪಟು ಒಂದೇ ತೋಳಪಾತ್ರವನ್ನು ದಶಕಗಳ ಕಾಲ ಆಡಿದ. ತೋಳಮಾನವ ಸ್ಪೇನಿನವನಾಗಿರಕೂಡದೆಂದು ಅಲ್ಲಿನ ಸೆನ್ಸಾರಿನವರು ಹಟ ಹಿಡಿದದ್ದರಿಂದ ಅವನನ್ನು ಪೋಲೆಂಡಿನವನನ್ನಾಗಿ ಮಾಡಬೇಕಾಯಿತು.

1981ರಲ್ಲಿ ಕೆಲಸದ ರೀತಿಯೇ ಬದಲಾಯಿತು. ಜಾನ್ ಲ್ಯಾಂಡಿಸ್ ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಕಥೆಯನ್ನು 1969ರಲ್ಲೇ ಬರೆದಿಟ್ಟಿದ್ದ. ಆಗ ಆತ ಯುಗೊಸ್ಲಾವಿಯಾದಲ್ಲಿ ಒಂದು ಚಿತ್ರೀಕರಣದ ಸಹಾಯಕ ಹುಡುಗ. ಹೆಣವೊಂದು ಮೇಲೆದ್ದು ಬರಬಾರದೆಂದು ನಾಲ್ಕು ದಾರಿ ಕೂಡುವಲ್ಲಿ ಜಿಪ್ಸಿಗಳು ಅದನ್ನು ನೆಟ್ಟಗೆ ಹೂಳುವುದನ್ನು ಕಂಡಿದ್ದನಂತೆ. ಪ್ರಸಾಧನಕ್ಕೆ ರಿಕ್ ಬೇಕರ್ ಬಂದ, 1950ರಲ್ಲಿ ಹುಟ್ಟಿದವನು, ಪಿಯರ್ಸನ ದೈತ್ಯರನ್ನು ನೋಡಿಯೇ ಈ ಕೆಲಸ ಹಿಡಿದವನು. ಲ್ಯಾಂಡಿಸ್ ಹಟ ಎರಡು. ಕುರ್ಚಿಯಲ್ಲಿ ಕೂತು ಕರಗುವ ಹಳೆಯ ಉಪಾಯ ಬೇಡ, ರೂಪ ಬದಲಾದರೆ ಮೂಳೆ ಮುರಿದಷ್ಟು ನೋಯಬೇಕು. ಮತ್ತು ಕತ್ತಲೆಯಲ್ಲಿ ಮುಚ್ಚಿಡುವುದೂ ಬೇಡ, ದೀಪ ಉರಿಯುವ ಸಾಮಾನ್ಯ ಬೈಠಕ್‌ಖಾನೆಯಲ್ಲಿ ಆಗಬೇಕು. ಬೇಕರ್‌ಗೆ ಪಿಯರ್ಸನಂತೆ ಎರಡು ಕಾಲಿನ ತೋಳ ಬೇಕಿತ್ತು, ಲ್ಯಾಂಡಿಸ್ ನಾಲ್ಕು ಕಾಲಿನದೇ ಬೇಕೆಂದ.

ಚಿತ್ರದ ನಾಯಕ ಡೇವಿಡ್ ನಾಟನ್ ಓದುತ್ತ ಕೂತಿದ್ದವನು ಇದ್ದಕ್ಕಿದ್ದಂತೆ ಉರಿ ಉರಿ ಎಂದು ಬಟ್ಟೆ ಹರಿದುಕೊಳ್ಳುತ್ತಾನೆ. ಅಂಗೈ ಮುಂದಕ್ಕೆ ಚಾಚಿ ಕಣ್ಣೆದುರೇ ಉದ್ದವಾಗುತ್ತದೆ. ಅದು ನಾಟನ್ ಕೈಯಲ್ಲ. ರಬ್ಬರಿನ ಕೈ, ಒಳಗಿನಿಂದ ತಳ್ಳಿದ್ದು. ಮೈಮೇಲೆ ಕೂದಲು ಬೆಳೆಯುವ ಹತ್ತಿರದ ನೋಟಕ್ಕೆ ರಬ್ಬರು ಚರ್ಮದ ಮೂಲಕ ಕೂದಲನ್ನು ಒಳಕ್ಕೆ ಎಳೆದು, ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದರು. ನಾಟನ್‌ನ ನಿಜವಾದ ತಲೆ, ತೋಳು ಮಾತ್ರ ನೆಲದ ಮೇಲೆ, ಉಳಿದ ಮೈ ನೆಲದಡಿಯ ಗುಂಡಿಯಲ್ಲಿ. ಕಾಣುವ ಮುಂಡ ರಬ್ಬರು. ಬೇಕರ್‌ನ ಶಿಷ್ಯ ರಾಬ್ ಬಾಟಿನ್ ಅದೇ ವರ್ಷ ಜೋ ದಾಂಟೆಯ ‘ದಿ ಹೌಲಿಂಗ್’ನಲ್ಲಿ ಚರ್ಮದಡಿ ಗಾಳಿಚೀಲ ಉಬ್ಬಿಸಿ ಇಂಥದ್ದೇ ಮಾಡಿದ, ಆಗ ಅವನಿಗೆ ಇಪ್ಪತ್ತರ ಆಸುಪಾಸು. ಬಾಟಿನ್ ಕೆಲಸ ಬೆರಗು ಹುಟ್ಟಿಸುತ್ತದೆ. ಬೇಕರ್ ಕೆಲಸದಲ್ಲಿ ನನಗೆ ಹೆಚ್ಚು ಕಂಡದ್ದು ಕೂದಲು ಮುಖವನ್ನು ಮುಚ್ಚುತ್ತಿದ್ದರೂ ನೆರವಿಗೆ ಕೈ ಚಾಚಿ ಕ್ಯಾಮೆರಾದತ್ತ ನೋಡುವ ಹುಡುಗ. ಕಿರುಚಾಟದ ನಡುವೆ ತನ್ನ ಸತ್ತ ಗೆಳೆಯನ ಕ್ಷಮೆ ಕೇಳುತ್ತಾನೆ.

ಹಿಂದಿನ ವರ್ಷ ‘ದಿ ಎಲಿಫೆಂಟ್ ಮ್ಯಾನ್’ ಚಿತ್ರದ ಪ್ರಸಾಧನಕ್ಕೆ ಪ್ರಶಸ್ತಿ ಕೊಡದ್ದಕ್ಕೆ ಚಿತ್ರರಂಗದಲ್ಲಿ ಅಸಮಾಧಾನ ಎದ್ದು, ಆಸ್ಕರ್ ಕೊನೆಗೂ ಪ್ರತ್ಯೇಕ ವಿಭಾಗ ತೆರೆದಿತ್ತು. 1982ರ ಮಾರ್ಚಿನಲ್ಲಿ ಅದರ ಮೊದಲ ಪ್ರಶಸ್ತಿ ಬೇಕರ್‌ಗೆ, ಈ ತೋಳಕ್ಕೆ ಬಂತು. ಪಿಯರ್ಸ್ ಹೋಗಿ ಹದಿನಾಲ್ಕು ವರ್ಷವಾಗುತ್ತ ಬಂದಿತ್ತು.

ಆ ಅಲೆ ನಮ್ಮ ದೇಶಕ್ಕೂ ಬಂತು. 1992ರಲ್ಲಿ ಮಹೇಶ್ ಭಟ್ ಹಿಂದಿಯಲ್ಲಿ ‘ಜುನೂನ್’ ಮಾಡಿದರು, ರಾಹುಲ್ ರಾಯ್ ಹುಣ್ಣಿಮೆಯಲ್ಲಿ ಹುಲಿಯಾದರು. ತೋಳ ಹೋಗಿ ಹುಲಿ ಬಂದದ್ದು ಸರಿಯಾಗಿಯೇ ಇದೆ, ನಮ್ಮ ಕಾಡಿನ ಭಯ ಹುಲಿಯದು. ಕನ್ನಡಕ್ಕೆ ರೂಪ ಬದಲಿಸುವುದು ಹಾವು. ಕಾರ್ನಾಡರ ನಾಟಕ ಆಧರಿಸಿ ನಾಗಾಭರಣ 1997ರಲ್ಲಿ ಮಾಡಿದ ‘ನಾಗಮಂಡಲ’ದಲ್ಲಿ ನಾಗ ಗಂಡನ ರೂಪದಲ್ಲಿ ಬರುತ್ತಾನೆ, ಅಲ್ಲಿ ಕೂದಲೂ ಇಲ್ಲ, ಮೂತಿಯೂ ಇಲ್ಲ. ಅದೇ ನಟ, ನೋಟ ಮಾತ್ರ ಬೇರೆ. ಬಣ್ಣದವರ ಕೈ ಸೋಕದೆಯೇ ಆದ ಬದಲಾವಣೆ ಅದು, ನಾನು ಗೌರವದಿಂದ ನೋಡಿದ್ದೇನೆ.

2010ರಲ್ಲಿ ಯೂನಿವರ್ಸಲ್ ತನ್ನ ಹಳೆಯ ಕಥೆಯನ್ನೇ ಮತ್ತೆ ತೆಗೆಯಿತು. ಬೆನಿಸಿಯೋ ಡೆಲ್ ಟೊರೊ ಟಾಲ್ಬಟ್ ಆದ, ಬಣ್ಣಕ್ಕೆ ಬೇಕರ್. ಕಂಪ್ಯೂಟರಿನ ಕಾಲದಲ್ಲೂ ಪಿಯರ್ಸನ ಮುಖವನ್ನೇ ಮನಸ್ಸಿನಲ್ಲಿಟ್ಟುಕೊಂಡು ಯಾಕ್ ಕೂದಲು ತರಿಸಿ ಅಂಟಿಸಿದ. ಡೇವ್ ಎಲ್ಸೀ ಜೊತೆ ಆ ಕೆಲಸಕ್ಕೆ ಮತ್ತೆ ಆಸ್ಕರ್ ಬಂತು. ಆದರೆ ಮನುಷ್ಯ ತೋಳವಾಗುವ ದೃಶ್ಯವನ್ನು ಅವನ ಕೈಗೆ ಕೊಡಲಿಲ್ಲ, ಬಹುಪಾಲು ಕಂಪ್ಯೂಟರಿನಲ್ಲೇ ಮಾಡಿದರು. ಬೇಕರ್ ಅದಕ್ಕೆ ನೊಂದುಕೊಂಡ. ಅಲ್ಲಿ ಮೂಳೆ ಬಾಗುತ್ತದೆ, ಬೆರಳು ಮುರಿಯುತ್ತದೆ, ಎಲ್ಲ ನಿಖರವಾಗಿದೆ. ನಟ ಮಾತ್ರ ಆ ಕ್ಷಣದಲ್ಲಿ ಅಲ್ಲಿಲ್ಲ. ಉಸಿರು ಹಿಡಿದು ಕೂತವರು ಯಾರೂ ಇಲ್ಲದ ನೋವನ್ನು ನನಗೆ ನಂಬಲಾಗಲಿಲ್ಲ. 2015ರಲ್ಲಿ ಬೇಕರ್ ನಿವೃತ್ತನಾಗಿ ತನ್ನ ಕಾರ್ಯಾಗಾರದ ವಸ್ತುಗಳನ್ನು ಹರಾಜಿಗಿಟ್ಟ.

ಮೊನ್ನೆ 1941ರ ಚಿತ್ರದ ಕೊನೆಯನ್ನು ಲ್ಯಾಪ್‌ಟಾಪಿನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದೆ. ತೋಳ ಹುಡುಗಿಯ ಮೇಲೆ ಬಿದ್ದಿದೆ. ಮುದುಕ ತಂದೆ ಓಡಿಬಂದು ಬೆಳ್ಳಿ ಹಿಡಿಯ ಕೋಲಿನಿಂದ ಹೊಡೆದು ಕೊಲ್ಲುತ್ತಾನೆ. ತಾನು ಕೊಂದದ್ದು ಏನೆಂದು ಅವನಿಗಿನ್ನೂ ಗೊತ್ತಿಲ್ಲ. ಮಾಲೇವಾ ಗಾಡಿಯಿಂದಿಳಿದು ಬಂದು ತನ್ನ ನಾಲ್ಕು ಮಾತು ಹೇಳುತ್ತಾಳೆ. ನೆಲದ ಮೇಲಿನ ಮುಖದಿಂದ ಕೂದಲು ಹಂತ ಹಂತವಾಗಿ ಕರಗುತ್ತದೆ, ನಾವು ನಾಟಕ ಮುಗಿದ ಮೇಲೆ ಒಳಗೆ ಕೂತು ಒರೆಸುವ ಹಾಗೆ. ಚೇನಿಯ ಅಗಲ ಮುಖ ಉಳಿಯುತ್ತದೆ. ಅಷ್ಟರಲ್ಲಿ ಊರಿನವರು ಬೇಟೆಯಿಂದ ಬಂದು ಸೇರುತ್ತಾರೆ. ಪೊಲೀಸ್ ಅಧಿಕಾರಿ ನೋಡಿ, ಹುಡುಗಿಯ ಮೇಲೆ ತೋಳ ಬಿದ್ದಿರಬೇಕು, ಕಾಪಾಡಲು ಹೋಗಿ ನಿಮ್ಮ ಮಗ ಸತ್ತ ಎಂದು ತಂದೆಗೆ ಸಮಾಧಾನ ಹೇಳುತ್ತಾನೆ. ತಂದೆಯಾದ ಕ್ಲಾಡ್ ರೈನ್ಸ್‌ನ ಮುಖದಲ್ಲಿ ಒಂದು ಎಳೆ ಕೂದಲಿಲ್ಲ, ಬಣ್ಣವೂ ಇಲ್ಲವೆನ್ನಬೇಕು. ಕೋಲು ಕೈಯಲ್ಲೇ ಇದೆ. ಆತ ಏನೂ ಹೇಳುವುದಿಲ್ಲ.